ನೋಯದ ರೋಗ, ನಿಲ್ಲದ ಹಲ್ಲು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬಳ್ಳಾರಿ ಸೀಮೆಯಲ್ಲಿ ಈ ಗಾದೆಗೆ ಇನ್ನಷ್ಟು ಅರ್ಥವಿದೆ. ಇಲ್ಲಿಯ ಎರೆ ಭೂಮಿಗೆ ಹಿಂಗಾರಿನ ಕಡಲೆ ಹೊಸದಲ್ಲ, ಜೋಳದ ಖಡಕ್ ರೊಟ್ಟಿ ಊಟಕ್ಕೆ ಹೊಸದಲ್ಲ. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಂಥ ಊರಿನ ಯಾವುದೇ ಕಟ್ಟೆಯ ಮೇಲೆ ಕುಳಿತರೂ, ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿನ್ನಲಾಗದ ಹಿರಿಯರು ಕಾಣಸಿಗುತ್ತಾರೆ. ಕೇಳಿದರೆ ಅವರ ಉತ್ತರ ಒಂದೇ: 'ವಯಸ್ಸಾಯಿತಲ್ಲ, ಹಲ್ಲು ಹೋದವು.'

ಕೂದಲು ನರೆಯುವುದರ ಜೊತೆಗೇ ಹಲ್ಲು ಉದುರುವುದನ್ನೂ ಸೇರಿಸಿ ಲೆಕ್ಕ ಹಾಕುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಹಲ್ಲು ಬೀಳುವುದು ವಯಸ್ಸಿನ ನಿಯಮವಲ್ಲ. ಹುಳುಕಿಲ್ಲದ, ನೋಡಲು ಗಟ್ಟಿಮುಟ್ಟಾಗಿಯೇ ಇರುವ ಹಲ್ಲು ಸಡಿಲಗೊಂಡು ಬುಡಸಮೇತ ಕೈಗೆ ಬಂತೆಂದರೆ ಕೆಟ್ಟಿರುವುದು ಹಲ್ಲಲ್ಲ. ಅದನ್ನು ಹಿಡಿದಿದ್ದ ವಸಡು ಮತ್ತು ವಸಡಿನ ಕೆಳಗಿನ ಎಲುಬು. ಆ ಕೆಡುಕು ಐವತ್ತನೇ ವಯಸ್ಸಿನಲ್ಲಿ ಹುಟ್ಟಿದ್ದೂ ಅಲ್ಲ. ಅದರ ಬೀಜ ಎಷ್ಟೋ ಸಲ ಶಾಲೆ, ಕಾಲೇಜುಗಳ ದಿನಗಳಲ್ಲೇ ಬಿದ್ದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರತಂದ ಬಾಯಿಯ ಆರೋಗ್ಯದ ವರದಿಯ ಪ್ರಕಾರ, ಜಗತ್ತಿನಲ್ಲಿ 15 ವರ್ಷ ದಾಟಿದವರಲ್ಲಿ ಶೇಕಡಾ 19ರಷ್ಟು ಜನರಿಗೆ ತೀವ್ರ ವಸಡಿನ ರೋಗವಿದೆ. ಎಂದರೆ ನೂರು ಕೋಟಿಗೂ ಹೆಚ್ಚು ಜನ. ಇಷ್ಟು ಜನರನ್ನು ಕಾಡುವ ರೋಗದ ಬಗ್ಗೆ ನಮ್ಮ ಮನೆಗಳಲ್ಲಿ ಮಾತೇ ನಡೆಯುವುದಿಲ್ಲ. ಅದಕ್ಕೆ ಕಾರಣವೂ ಸರಳ: ಅದು ನೋಯುವುದಿಲ್ಲ.

ಹಲ್ಲು ನಿಂತಿರುವ ನೆಲ

ಬೇಲಿಗೆ ಗೂಟ ನೆಡುವುದನ್ನು ನೋಡಿದ್ದೀರಿ. ಗೂಟ ಎಷ್ಟೇ ಗಟ್ಟಿಯಾಗಿದ್ದರೂ ಅದು ನಿಲ್ಲುವುದು ಸುತ್ತಲಿನ ಮಣ್ಣಿನ ಬಲದಿಂದ. ಮಳೆ ನೀರು ಬುಡದ ಮಣ್ಣನ್ನು ಕೊರೆಯುತ್ತ ಹೋದರೆ ಗೂಟ ಮೊದಲು ಅಲುಗಾಡುತ್ತದೆ, ಆಮೇಲೆ ವಾಲುತ್ತದೆ, ಕೊನೆಗೊಂದು ದಿನ ಬೀಳುತ್ತದೆ. ಗೂಟಕ್ಕೆ ಗೆದ್ದಲು ಹತ್ತಿರಲೇಬೇಕೆಂದಿಲ್ಲ.

ಹಲ್ಲಿನ ಕಥೆಯೂ ಹೀಗೆಯೇ. ಕನ್ನಡಿಯಲ್ಲಿ ಕಾಣುವುದು ಹಲ್ಲಿನ ಮೇಲ್ಭಾಗ ಮಾತ್ರ. ಅದಕ್ಕಿಂತ ಉದ್ದನೆಯ ಬೇರು ದವಡೆಯ ಎಲುಬಿನ ಗುಳಿಯೊಳಗೆ ಇರುತ್ತದೆ. ಬೇರಿಗೂ ಎಲುಬಿಗೂ ನಡುವೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ತೆಳುವಾದ ನಾರಿನ ಪೊರೆಯಿದೆ. ಅದರ ಸಾವಿರಾರು ಎಳೆಗಳು ಒಂದು ತುದಿಯಲ್ಲಿ ಬೇರನ್ನೂ ಇನ್ನೊಂದು ತುದಿಯಲ್ಲಿ ಎಲುಬನ್ನೂ ಹಿಡಿದಿರುತ್ತವೆ. ಕಡಲೆ ಕಡಿದಾಗ ಬೀಳುವ ಭಾರವನ್ನು ತಾಳಿಕೊಳ್ಳುವುದು ಈ ನಾರುಗಳೇ. ಇವೆಲ್ಲದರ ಮೇಲೆ ಹೊದಿಕೆಯಂತೆ ಇರುವುದು ವಸಡು. ಕೆಲವು ಕಡೆ ಇದನ್ನು ಒಸಡು ಎಂದೂ ಕರೆಯುತ್ತಾರೆ.

ವಸಡು ಹಲ್ಲನ್ನು ತಬ್ಬಿಕೊಂಡಿರುವಲ್ಲಿ ಒಂದು ಸಣ್ಣ ಸಂದು ಇರುತ್ತದೆ. ಆರೋಗ್ಯವಂತರಲ್ಲಿ ಅದರ ಆಳ ಒಂದರಿಂದ ಮೂರು ಮಿಲಿಮೀಟರ್. ವಸಡಿನ ರೋಗದ ಕಥೆಯೆಲ್ಲ ಆರಂಭವಾಗುವುದು ಈ ಸಂದಿನಲ್ಲಿ.

ಪಾಚಿ ಮತ್ತು ಗಾರೆ

ತುಂಗಭದ್ರಾ ಕಾಲುವೆಯ ಕಲ್ಲುಗಳ ಮೇಲೆ ಕಾಲಿಟ್ಟು ಜಾರಿದವರಿಗೆ ಪಾಚಿಯ ಗುಣ ಗೊತ್ತು. ಹಗಲೂ ರಾತ್ರಿ ನೀರು ಹರಿಯುತ್ತಿದ್ದರೂ ಪಾಚಿ ಕೊಚ್ಚಿಹೋಗುವುದಿಲ್ಲ. ಅದನ್ನು ತೆಗೆಯಬೇಕಾದರೆ ಉಜ್ಜಲೇಬೇಕು. ಹಲ್ಲಿನ ಮೇಲೆ ಕಟ್ಟುವ ಬಿಳಿ ಹಳದಿ ಪಾಚಿಯೂ ಇಂಥದೇ. ಅದು ಬರಿಯ ಅನ್ನದ ಅಗುಳಲ್ಲ. ಅಸಂಖ್ಯ ಬ್ಯಾಕ್ಟೀರಿಯಾಗಳು ಅಂಟಾದ ಪದರವೊಂದನ್ನು ತಾವೇ ಕಟ್ಟಿಕೊಂಡು ಅದರೊಳಗೆ ವಾಸಿಸುತ್ತವೆ. ಚೆನ್ನಾಗಿ ಉಜ್ಜಿದ ಹಲ್ಲಿನ ಮೇಲೂ ಕೆಲವೇ ಗಂಟೆಗಳಲ್ಲಿ ಅವು ಮತ್ತೆ ಮನೆ ಹೂಡಲು ಶುರುಮಾಡುತ್ತವೆ. ಊಟವಾದ ಮೇಲೆ ಬಾಯಿ ಮುಕ್ಕಳಿಸುವುದು ಒಳ್ಳೆಯ ಪದ್ಧತಿ. ಅದರಿಂದ ಅಗುಳು ಹೋಗುತ್ತದೆ, ಪಾಚಿ ಹೋಗುವುದಿಲ್ಲ.

ಈ ಜೀವಿಗಳನ್ನು ಮೊದಲು ಕಂಡವನು ಡಾಕ್ಟರಲ್ಲ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಒಬ್ಬ ಬಟ್ಟೆ ವ್ಯಾಪಾರಿ. ಆಂಟೊನಿ ವಾನ್ ಲೇವನ್‌ಹುಕ್ ತಾನೇ ತಯಾರಿಸಿದ ಮಸೂರದಡಿ ತನ್ನ ಹಲ್ಲಿನ ಸಂದಿಯ ಬಿಳಿ ಪದಾರ್ಥವನ್ನು ಇಟ್ಟು ನೋಡಿದ. ಅದರಲ್ಲಿ ಓಡಾಡುವ ಸೂಕ್ಷ್ಮ ಪ್ರಾಣಿಗಳನ್ನು ಕಂಡು ಬೆರಗಾಗಿ, 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಮನುಷ್ಯನಿಗೆ ಬ್ಯಾಕ್ಟೀರಿಯಾಗಳ ಪರಿಚಯ ಮಾಡಿಕೊಟ್ಟದ್ದರಲ್ಲಿ ಹಲ್ಲಿನ ಪಾಚಿಯ ಪಾಲೂ ಇದೆ.

ಪಾಚಿಯನ್ನು ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಅದರಲ್ಲಿ ಸೇರಿ, ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗುತ್ತದೆ. ಇದೇ ಗಾರೆ. ಕೆಲವರು ಇದನ್ನು ಕಿಟ್ಟ ಎನ್ನುತ್ತಾರೆ. ಕೆಳಗಿನ ಮುಂದಿನ ಹಲ್ಲುಗಳ ಒಳಭಾಗದಲ್ಲಿ ನಾಲಗೆಯಾಡಿಸಿದರೆ ಎಷ್ಟೋ ಜನರಿಗೆ ಇದು ಒರಟಾಗಿ ತಗಲುತ್ತದೆ. ಜೊಲ್ಲಿನ ಗ್ರಂಥಿಗಳ ಬಾಯಿ ಅಲ್ಲೇ ಹತ್ತಿರ ಇರುವುದರಿಂದ ಗಾರೆ ಅಲ್ಲಿ ಹೆಚ್ಚು. ಪಾಚಿಯನ್ನು ಬ್ರಷ್ ತೆಗೆಯಬಲ್ಲದು. ಗಾರೆಯನ್ನು ಯಾವ ಬ್ರಷ್ಷೂ, ಯಾವ ಪೇಸ್ಟೂ ತೆಗೆಯಲಾರದು. ಅದಕ್ಕೆ ದಂತವೈದ್ಯರ ಉಪಕರಣವೇ ಬೇಕು.

ಹನ್ನೆರಡು ಜನ ಹಲ್ಲುಜ್ಜುವುದನ್ನು ಬಿಟ್ಟಾಗ

ಪಾಚಿಯಿಂದಲೇ ವಸಡು ಕೆಡುತ್ತದೆ ಎನ್ನುವುದಕ್ಕೆ ಪುರಾವೆ ಏನು? 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದ ದಂತವೈದ್ಯ ಕಾಲೇಜಿನಲ್ಲಿ ಹೆರಾಲ್ಡ್ ಲೋ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಆರೋಗ್ಯವಂತರಾದ ಹನ್ನೆರಡು ಜನ, ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. ಕೆಲವರಿಗೆ ಹತ್ತೇ ದಿನಗಳಲ್ಲಿ, ಉಳಿದವರಿಗೆ ಮೂರು ವಾರಗಳ ಒಳಗೆ ವಸಡು ಕೆಂಪಾಗಿ ಊದಿಕೊಂಡಿತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಮತ್ತೆ ಹಲ್ಲುಜ್ಜಲು ಆರಂಭಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರ ವಸಡೂ ಮೊದಲಿನಂತಾಯಿತು. ಯಾವ ಔಷಧಿಯನ್ನೂ ಕೊಡಲಿಲ್ಲ, ಯಾವ ಇಂಜೆಕ್ಷನ್ನೂ ಬೇಕಾಗಲಿಲ್ಲ.

ಈ ಪ್ರಯೋಗದಲ್ಲಿ ಎರಡು ಪಾಠಗಳಿವೆ. ಅಲಕ್ಷ್ಯ ಮಾಡಿದರೆ ವಸಡು ಕೆಡಲು ಮೂರು ವಾರ ಸಾಕು ಎಂಬುದು ಮೊದಲನೆಯದು. ಆ ಹಂತದಲ್ಲಿ ಕೆಟ್ಟದ್ದೆಲ್ಲವೂ ಸರಿಹೋಗುತ್ತದೆ ಎಂಬುದು ಎರಡನೆಯದು. ಪರೀಕ್ಷೆಯ ಗಡಿಬಿಡಿಯಲ್ಲಿ ರಾತ್ರಿಯ ಬ್ರಷ್ಷನ್ನೂ ಬೆಳಗಿನ ಬ್ರಷ್ಷನ್ನೂ ಮರೆಯುವ ವಿದ್ಯಾರ್ಥಿಗಳು ಈ ಎರಡನ್ನೂ ನೆನಪಿಡಬೇಕು.

ಎರಡು ಹಂತ, ನಡುವೆ ಒಂದು ಗಡಿ

ಮೊದಲ ಹಂತ ವಸಡಿನ ಉರಿಯೂತ. ವೈದ್ಯರು ಇದನ್ನು ಜಿಂಜಿವೈಟಿಸ್ ಎನ್ನುತ್ತಾರೆ. ತಿಳಿಗೆಂಪಾಗಿ ಬಿಗಿಯಾಗಿರಬೇಕಾದ ವಸಡು ಕಡುಗೆಂಪಾಗಿ, ಮೆತ್ತಗೆ ಊದಿಕೊಳ್ಳುತ್ತದೆ. ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಾಣುತ್ತದೆ. ಸೀಬೆಹಣ್ಣು ಕಚ್ಚಿದರೆ ಹಣ್ಣಿನ ಮೇಲೆ ಕೆಂಪು ಗುರುತು ಬೀಳುತ್ತದೆ. ಆದರೆ ಎಲುಬಿಗೆ ಇನ್ನೂ ಏನೂ ಆಗಿರುವುದಿಲ್ಲ. ಪಾಚಿ ಮತ್ತು ಗಾರೆ ತೆಗೆದರೆ ಎಲ್ಲವೂ ಮರಳಿ ಸರಿಹೋಗುತ್ತದೆ.

ಹಾಗೆಯೇ ಬಿಟ್ಟರೆ ಕೆಲವರಲ್ಲಿ ರೋಗ ಗಡಿ ದಾಟುತ್ತದೆ. ವಸಡಿನ ಸಂದು ಆಳವಾಗುತ್ತ ನಾಲ್ಕು, ಐದು, ಆರು ಮಿಲಿಮೀಟರಿನ ಚೀಲವಾಗುತ್ತದೆ. ಬ್ರಷ್ಷಿನ ಎಳೆ ಅಷ್ಟು ಆಳ ಹೋಗದು. ಗಾಳಿಯಾಡದ ಆ ಚೀಲದಲ್ಲಿ ಇನ್ನಷ್ಟು ಕೆಟ್ಟ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳ ವಿರುದ್ಧ ನಮ್ಮ ದೇಹವೇ ಹೂಡುವ ಹೋರಾಟದಲ್ಲಿ ನಾರುಗಳು ಹರಿಯುತ್ತವೆ, ಎಲುಬು ಕರಗುತ್ತದೆ. ಇದು ಪೆರಿಯೊಡಾಂಟೈಟಿಸ್. ಹಿಂದೆ ಪಯೋರಿಯಾ ಎಂದು ಜನ ಕರೆಯುತ್ತಿದ್ದುದು ಇದನ್ನೇ. ಬಾಯಿಯ ದುರ್ವಾಸನೆ, ವಸಡನ್ನು ಒತ್ತಿದರೆ ಕೀವು, ಹಲ್ಲುಗಳ ನಡುವೆ ಹೊಸದಾಗಿ ಸಂದು, ಹಲ್ಲು ಉದ್ದವಾದಂತೆ ಕಾಣುವುದು, ಅಗಿಯುವಾಗ ಅಲುಗಾಟ: ಇವು ಅದರ ಲಕ್ಷಣಗಳು.

ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಮೊದಲ ಹಂತಕ್ಕೂ ಎರಡನೆಯದಕ್ಕೂ ನಡುವಿನ ಗಡಿ ಇದೇ. ಈಚೆಗೆ ಇರುವಾಗ ರೋಗವನ್ನು ಗುಣಪಡಿಸಬಹುದು. ಆಚೆಗೆ ಹೋದ ಮೇಲೆ ಅದನ್ನು ತಡೆದು ನಿಲ್ಲಿಸಬಹುದು, ಅಷ್ಟೇ.

ನೋವಿಗೆ ಕಾಯುವ ಲೆಕ್ಕಾಚಾರ

ಹುಳುಕು ಹಲ್ಲು ನೋಯುತ್ತದೆ. ರಾತ್ರಿಯೆಲ್ಲ ನಿದ್ದೆ ಕೆಡಿಸುತ್ತದೆ. ಆದ್ದರಿಂದ ಅದಕ್ಕೆ ಚಿಕಿತ್ಸೆ ಸಿಗುತ್ತದೆ. ವಸಡಿನ ರೋಗ ಎರಡನೇ ಹಂತ ತಲುಪಿ ವರ್ಷಗಳೇ ಕಳೆದರೂ ಸಾಮಾನ್ಯವಾಗಿ ನೋಯುವುದಿಲ್ಲ. ಕೀವು ತುಂಬಿ ಬಾವು ಬಂದಾಗಲೋ, ಹಲ್ಲು ಅಲುಗಾಡಿದಾಗಲೋ ಗೊತ್ತಾಗುತ್ತದೆ. ಅಷ್ಟರಲ್ಲಿ ಬೇರಿನ ಸುತ್ತ ಅರ್ಧ ಎಲುಬು ಹೋಗಿರಬಹುದು.

ಹಚ್ಚೊಳ್ಳಿಯ ಕೂಲಿಕಾರ ಕುಟುಂಬದ ಸ್ಥಿತಿಯನ್ನು ಯೋಚಿಸಿ. ಸಿರುಗುಪ್ಪಕ್ಕೆ ಹೋಗಬೇಕೆಂದರೆ ಬಸ್ಸಿಗೆ ಕಾಯಬೇಕು. ಬಳ್ಳಾರಿಗೆಂದರೆ ಸಿರುಗುಪ್ಪದಿಂದ ಇನ್ನೂ ಐವತ್ತಕ್ಕೂ ಹೆಚ್ಚು ಕಿಲೋಮೀಟರ್. ನಾಟಿಯ ಕಾಲದಲ್ಲೋ ಹತ್ತಿ ಬಿಡಿಸುವ ಕಾಲದಲ್ಲೋ ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಶಾಲೆ ಬಿಡಿಸಿ, ಬಸ್ ಚಾರ್ಜು ಕೊಟ್ಟು ಹೋಗುವುದು ಹಗುರದ ಮಾತಲ್ಲ. ಹಾಗಾಗಿ 'ನೋವಾದರೆ ನೋಡೋಣ' ಎಂಬ ಲೆಕ್ಕಾಚಾರ ಹುಟ್ಟುತ್ತದೆ. ಜ್ವರಕ್ಕೂ ಗಾಯಕ್ಕೂ ಈ ಲೆಕ್ಕ ಒಮ್ಮೊಮ್ಮೆ ನಡೆದೀತು. ವಸಡಿನ ವಿಷಯದಲ್ಲಿ ಮಾತ್ರ ಇದು ಪೂರ್ತಿ ತಲೆಕೆಳಗು. ನೋವಿಲ್ಲದಾಗ ಒಂದು ಭೇಟಿಯಲ್ಲಿ ಮುಗಿಯುತ್ತಿದ್ದ ಕೆಲಸ, ನೋವು ಬಂದ ಮೇಲೆ ಹತ್ತಾರು ಭೇಟಿ ಬೇಡುತ್ತದೆ. ಆಗಲೂ ಹಲ್ಲು ಉಳಿದೀತೆಂಬ ಭರವಸೆ ಇರುವುದಿಲ್ಲ. ಹಣ ಉಳಿಸಬೇಕೆನ್ನುವ ತಂದೆ ತಾಯಿ ರಕ್ತ ಕಂಡಾಗಲೇ ಹೋಗಬೇಕು.

ವಸಡಿನ ರೋಗ ಮೊದಲ ಹಂತದಲ್ಲಿ ಕೊಡುವ ಸೂಚನೆ ಆ ರಕ್ತ. ದುರದೃಷ್ಟವೆಂದರೆ ಅದನ್ನು ಕಂಡ ಕೂಡಲೇ ನಮ್ಮವರು ಮಾಡುವುದು ತದ್ವಿರುದ್ಧ ಕೆಲಸ. 'ಬ್ರಷ್ ತಾಗಿ ಗಾಯವಾಯಿತು' ಎಂದು ಆ ಜಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ. ಅಲ್ಲಿ ಪಾಚಿ ಇನ್ನೂ ಹೆಚ್ಚುತ್ತದೆ, ವಸಡು ಇನ್ನೂ ಊದುತ್ತದೆ, ರಕ್ತ ಇನ್ನೂ ಬರುತ್ತದೆ. ರಕ್ತ ಬರುವ ಜಾಗವನ್ನು ಮೆತ್ತನೆಯ ಬ್ರಷ್ಷಿನಿಂದ ಇನ್ನಷ್ಟು ಗಮನವಿಟ್ಟು ಉಜ್ಜಬೇಕು. ಒಂದೆರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ಒಳಗೆ ಗಾರೆ ಇದೆ, ವೈದ್ಯರ ಬಳಿ ಹೋಗಬೇಕು ಎಂದು ತಿಳಿಯಬೇಕು.

ಯಾರಿಗೆ ಹೆಚ್ಚು ಅಪಾಯ?

ಒಂದೇ ಮನೆಯಲ್ಲಿ ಒಬ್ಬರ ಹಲ್ಲು ಬೇಗ ಬೀಳುವುದು, ಇನ್ನೊಬ್ಬರದು ಗಟ್ಟಿಯಾಗಿ ಉಳಿಯುವುದು ಏಕೆ? ಇದಕ್ಕೆ ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರಲ್ಲಿ ಉತ್ತರ ಸಿಕ್ಕಿತು. ಹಲ್ಲುಜ್ಜುವ ರೂಢಿಯೂ ದಂತವೈದ್ಯರ ಸೌಲಭ್ಯವೂ ಇಲ್ಲದಿದ್ದ ಇವರನ್ನು 1970ರಿಂದ 1985ರವರೆಗೆ ಅದೇ ಹೆರಾಲ್ಡ್ ಲೋ ಮತ್ತು ಸಂಗಡಿಗರು ಗಮನಿಸುತ್ತ ಬಂದರು. ಎಲ್ಲರ ಹಲ್ಲಿನ ಮೇಲೂ ಪಾಚಿ, ಗಾರೆ ಹೇರಳವಾಗಿತ್ತು. ಆದರೂ ಶೇಕಡಾ 8 ಜನರಲ್ಲಿ ರೋಗ ವೇಗವಾಗಿ ಹರಡಿತು, 81 ಜನರಲ್ಲಿ ನಿಧಾನವಾಗಿ ಮುಂದುವರಿಯಿತು, 11 ಜನರಲ್ಲಿ ವಸಡಿನ ಊತವನ್ನು ದಾಟಿ ಮುಂದೆ ಹೋಗಲೇ ಇಲ್ಲ. ಪಾಚಿ ರೋಗವನ್ನು ಆರಂಭಿಸುತ್ತದೆ. ಅದು ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಆಯಾ ದೇಹದ ಗುಣ, ವಂಶ, ಅಭ್ಯಾಸಗಳನ್ನು ಅವಲಂಬಿಸಿದೆ.

ಹರೆಯದ ಮಕ್ಕಳು: ಹನ್ನೊಂದು ಹನ್ನೆರಡರಿಂದ ಮುಂದೆ ದೇಹದಲ್ಲಿ ಹಾರ್ಮೋನುಗಳು ಬದಲಾಗುವಾಗ ಸ್ವಲ್ಪ ಪಾಚಿಗೂ ವಸಡು ಹೆಚ್ಚು ಊದುತ್ತದೆ. ಪ್ರೌಢಶಾಲೆಯ ಮಕ್ಕಳಲ್ಲಿ ವಸಡಿನ ರಕ್ತ ಸಾಮಾನ್ಯವಾಗುವುದಕ್ಕೆ ಇದೂ ಒಂದು ಕಾರಣ. ಅಪರೂಪಕ್ಕೆ ಕೆಲವು ಹದಿಹರೆಯದವರಲ್ಲಿ, ಪಾಚಿ ಹೆಚ್ಚಿಲ್ಲದಿದ್ದರೂ, ಮೊದಲ ದೊಡ್ಡ ದವಡೆ ಹಲ್ಲು ಮತ್ತು ಮುಂದಿನ ಹಲ್ಲುಗಳ ಸುತ್ತ ಎಲುಬು ಬಲು ಬೇಗ ಕರಗುತ್ತದೆ. ಇದು ಮನೆತನದಲ್ಲಿ ಹರಿದು ಬರಬಹುದು. ತಂದೆ ತಾಯಿಗೆ ಚಿಕ್ಕ ವಯಸ್ಸಿನಲ್ಲೇ ಹಲ್ಲು ಅಲುಗಾಡಿ ಬಿದ್ದಿದ್ದರೆ ಮಕ್ಕಳನ್ನು ಒಮ್ಮೆ ತೋರಿಸುವುದು ಜಾಣತನ.

ಗರ್ಭಿಣಿಯರು: ಈ ಕಾಲದಲ್ಲಿ ವಸಡು ಊದುವುದು ಹೆಚ್ಚು. 'ಒಂದು ಬಸಿರಿಗೆ ಒಂದು ಹಲ್ಲು' ಹೋಗುತ್ತದೆ ಎಂಬ ನಂಬಿಕೆ ಹಲವು ಕಡೆ ಇದೆ. ಮಗು ತಾಯಿಯ ಹಲ್ಲಿನಿಂದ ಸುಣ್ಣವನ್ನು ಎಳೆದುಕೊಳ್ಳುವುದಿಲ್ಲ. ಹಲ್ಲು ಹೋಗುವುದು ವಸಡನ್ನು ಅಲಕ್ಷಿಸಿದ್ದರಿಂದ.

ಸಕ್ಕರೆ ಕಾಯಿಲೆಯವರು: ರಕ್ತದಲ್ಲಿ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಜೋರಾಗುತ್ತದೆ. ವಸಡಿನ ರೋಗ ಜೋರಾಗಿದ್ದರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ವಸಡಿಗೆ ಚಿಕಿತ್ಸೆ ಮಾಡಿದರೆ ಸಕ್ಕರೆಯ ಮಟ್ಟವೂ ಕೊಂಚ ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ.

ತಂಬಾಕು ಬಳಸುವವರು: ಬೀಡಿ, ಸಿಗರೇಟು ಸೇದುವವರಲ್ಲಿ ಎಲುಬು ಬೇಗ ಕರಗುತ್ತದೆ. ತಂಬಾಕಿನ ಪ್ರಭಾವದಿಂದ ವಸಡಿನ ರಕ್ತಸ್ರಾವ ಕಡಿಮೆಯಾಗುವುದರಿಂದ ಆ ಸೂಚನೆಯೂ ಮರೆಯಾಗುತ್ತದೆ. ತಂಬಾಕನ್ನು ಸುಟ್ಟು ಪುಡಿ ಮಾಡಿ ಹಲ್ಲುಜ್ಜುವ ಪದ್ಧತಿಯೂ ಉಂಟು. ಉಜ್ಜಿದಾಗ ಹಿತವೆನಿಸುವುದು ಹಲ್ಲು ಸ್ವಚ್ಛವಾದುದರಿಂದಲ್ಲ, ತಂಬಾಕಿನ ಅಮಲಿನಿಂದ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಕಾನೂನು ಅಂಗಡಿಯವರೆಗೆ ಬರಬಹುದು. ಮಗನ ಜೇಬನ್ನು ನೋಡಬೇಕಾದವರು ಮನೆಯವರೇ.

ಇವಲ್ಲದೆ ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ವಸಡು ದಪ್ಪಗೆ ಬೆಳೆಯುವುದುಂಟು. ಹಾಗಾದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು.

ವಸಡಿನಲ್ಲಿ ರಕ್ತ ಬಂದರೆ ವಿಟಮಿನ್ 'ಸಿ' ಮಾತ್ರೆ ನುಂಗುವವರೂ ಇದ್ದಾರೆ. ಇದಕ್ಕೊಂದು ಹಿನ್ನೆಲೆಯಿದೆ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ವಸಡು ಕೊಳೆತು ನರಳುತ್ತಿದ್ದ ಹನ್ನೆರಡು ನಾವಿಕರನ್ನು ಜೋಡಿ ಜೋಡಿಯಾಗಿ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ಅದು ಸ್ಕರ್ವಿ ರೋಗ. ತಿಂಗಳುಗಟ್ಟಲೆ ಹಣ್ಣು ತರಕಾರಿ ಕಾಣದವರಿಗೆ ಬರುವಂಥದು. ನೆಲ್ಲಿ, ನಿಂಬೆ, ಸೀಬೆ, ಸೊಪ್ಪು ತಿನ್ನುವ ಮಗುವಿನ ವಸಡಿನಲ್ಲಿ ರಕ್ತ ಬಂದರೆ ಮೊದಲು ಅನುಮಾನಿಸಬೇಕಾದದ್ದು ಪಾಚಿಯನ್ನು.

ಚಿಕಿತ್ಸೆ ಹೇಗಿರುತ್ತದೆ?

ದಂತವೈದ್ಯರ ಕುರ್ಚಿಯ ಹೆದರಿಕೆ ದೊಡ್ಡವರಿಗೂ ಇದೆ. ಅಲ್ಲಿ ಏನು ನಡೆಯುತ್ತದೆಂದು ಮೊದಲೇ ತಿಳಿದಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ವೈದ್ಯರು ಮಿಲಿಮೀಟರಿನ ಗೆರೆಗಳಿರುವ ತೆಳು ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿ ಆಳವನ್ನು ಅಳೆಯುತ್ತಾರೆ. ಬೇಕೆನಿಸಿದರೆ ಎಕ್ಸ್-ರೇ ತೆಗೆದು ಎಲುಬಿನ ಮಟ್ಟ ನೋಡುತ್ತಾರೆ. ಮೊದಲ ಹಂತವೇ ಆಗಿದ್ದರೆ ಸ್ಕೇಲಿಂಗ್ ಸಾಕು. ಸೂಕ್ಷ್ಮವಾಗಿ ಕಂಪಿಸುವ ಉಪಕರಣದ ತುದಿ ನೀರು ಚಿಮ್ಮಿಸುತ್ತ ಗಾರೆಯನ್ನು ಒಡೆದು ತೆಗೆಯುತ್ತದೆ. ಕೊಂಚ ಜುಮ್ಮೆನ್ನಬಹುದು, ಸ್ವಲ್ಪ ರಕ್ತ ಬರಬಹುದು. ಇದು ಸಾಮಾನ್ಯವಾಗಿ ಒಂದು ಭೇಟಿಯ ಕೆಲಸ.

ಚೀಲಗಳು ಆಳವಾಗಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗಿನ ಬೇರಿನ ಮೇಲಿನ ಗಾರೆಯನ್ನೂ ತೆಗೆದು ಬೇರನ್ನು ನುಣುಪು ಮಾಡುತ್ತಾರೆ. ನಾಲ್ಕಾರು ವಾರಗಳ ಮೇಲೆ ಮತ್ತೆ ಅಳೆದು ನೋಡುತ್ತಾರೆ. ವಸಡು ಬಿಗಿಯಾಗಿ ಚೀಲ ಕಡಿಮೆಯಾಗಿದ್ದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ವಸಡನ್ನು ಬಿಡಿಸಿ, ಕಣ್ಣಿಗೆ ಕಾಣುವಂತೆ ಒಳಗೆ ಸ್ವಚ್ಛಗೊಳಿಸಿ ಹೊಲಿಗೆ ಹಾಕುವ ಶಸ್ತ್ರಚಿಕಿತ್ಸೆ ಇದೆ. ಕೆಲವು ಬಗೆಯ ಎಲುಬಿನ ಗುಳಿಗಳಿಗೆ ಎಲುಬಿನ ಪುಡಿ ತುಂಬುವ ವಿಧಾನವೂ ಇದೆ. ಆದರೆ ಅದು ಎಲ್ಲ ಹಲ್ಲಿಗೂ ಒಗ್ಗುವುದಿಲ್ಲ.

ಎರಡನೇ ಹಂತ ತಲುಪಿದವರಿಗೆ ಚಿಕಿತ್ಸೆ ಒಮ್ಮೆ ಮುಗಿದು ಹೋಗುವಂಥದಲ್ಲ. ಮೂರು ಆರು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು. ಬರಿಯ ಮಾತ್ರೆಯಿಂದ ಇದು ಗುಣವಾಗುವುದಿಲ್ಲ. ಗಾರೆಯನ್ನು ಅಲ್ಲೇ ಬಿಟ್ಟು ಆಂಟಿಬಯಾಟಿಕ್ ನುಂಗಿದರೆ ಕೆಲವು ದಿನ ಬಾವು ಇಳಿದು ಮತ್ತೆ ಮರುಕಳಿಸುತ್ತದೆ. ಕ್ಲೋರ್‌ಹೆಕ್ಸಿಡೀನ್ ಎಂಬ ಬಾಯಿ ಮುಕ್ಕಳಿಸುವ ಔಷಧಿ ಒಳ್ಳೆಯದೇ, ಆದರೆ ವೈದ್ಯರು ಹೇಳಿದಷ್ಟು ದಿನ ಮಾತ್ರ. ಹೆಚ್ಚು ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಗೆಯ ರುಚಿ ಕೆಡುತ್ತದೆ.

ಮೂರು ತಪ್ಪು ನಂಬಿಕೆಗಳು

'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ.' ವರ್ಷಗಟ್ಟಲೆ ಕಟ್ಟಿದ ಗಾರೆ ಹಲ್ಲುಗಳ ಸಂದನ್ನು ತುಂಬಿಕೊಂಡು ಅವುಗಳನ್ನು ಒಂದಕ್ಕೊಂದು ಬೆಸೆದಿರುತ್ತದೆ. ಅದರ ಕೆಳಗೆ ಎಲುಬು ಆಗಲೇ ಹೋಗಿರುತ್ತದೆ. ಗಾರೆ ತೆಗೆದಾಗ ಮುಚ್ಚಿದ್ದ ಸಂದು ಕಾಣುತ್ತದೆ, ಮರೆಯಾಗಿದ್ದ ಅಲುಗಾಟ ಗೊತ್ತಾಗುತ್ತದೆ. ಊದಿದ್ದ ವಸಡು ಇಳಿದಾಗ ಹಲ್ಲು ಉದ್ದವಾದಂತೆಯೂ ತೋರುತ್ತದೆ. ಸಡಿಲ ಮಾಡಿದ್ದು ರೋಗ. ಅಪವಾದ ಸ್ಕೇಲಿಂಗಿನ ಮೇಲೆ.

'ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ.' ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಎರಡೂ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕೆಡುವುದರಿಂದ ಒಂದಕ್ಕೊಂದು ಗಂಟು ಹಾಕಿದ್ದಾರೆ, ಅಷ್ಟೇ.

'ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಹಲ್ಲು ಬೆಳ್ಳಗೆ.' ಗರಸು ಪುಡಿಗಳು ಹಲ್ಲಿನ ಹೊರಪದರವನ್ನು ಸವೆಸುತ್ತವೆ, ವಸಡನ್ನು ತರಚುತ್ತವೆ. ಕೆಲವು ವರ್ಷಗಳಲ್ಲಿ ಹಲ್ಲಿನ ಬುಡ ಸವೆದು ತಣ್ಣೀರು ತಾಗಿದರೂ ಜುಮ್ಮೆನ್ನುತ್ತದೆ.

ಇಲ್ಲಿ ಬಳ್ಳಾರಿ ಜಿಲ್ಲೆಯವರಿಗೆ ಒಂದು ಮಾತು ಹೇಳಬೇಕು. ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ ಕಾಣಬಹುದು. ಅದು ಹಲ್ಲಿನ ಒಳಗಿನ ಬಣ್ಣ, ಗಾರೆಯಲ್ಲ. ಎಷ್ಟು ತಿಕ್ಕಿದರೂ ಹೋಗದು. ಕಲೆ ತೆಗೆಯುವ ಹಟಕ್ಕೆ ಬಿದ್ದು ಗರಸು ಪುಡಿಯಿಂದ ಉಜ್ಜಿ ವಸಡನ್ನು ಹಾಳು ಮಾಡಿಕೊಳ್ಳಬಾರದು.

ಮನೆಯಲ್ಲೇ ಮಾಡಬೇಕಾದ್ದು

ದಿನಕ್ಕೆರಡು ಬಾರಿ, ಎರಡೆರಡು ನಿಮಿಷ. ರಾತ್ರಿ ಮಲಗುವ ಮುಂಚಿನದು ಹೆಚ್ಚು ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬ್ಯಾಕ್ಟೀರಿಯಾಗಳಿಗೆ ಅನುಕೂಲವಾಗುತ್ತದೆ. ಮೆತ್ತನೆಯ ಎಳೆಗಳ ಬ್ರಷ್ ತೆಗೆದುಕೊಳ್ಳಿ. ಹಲ್ಲು ಮತ್ತು ವಸಡು ಕೂಡುವ ಜಾಗದಲ್ಲಿ ವಸಡಿನ ಕಡೆಗೆ ಓರೆಯಾಗಿ ಹಿಡಿದು, ಇದ್ದಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಎಳೆಯಿರಿ. ಗರಗಸದಂತೆ ಅಡ್ಡಡ್ಡ ಎಳೆಯಬೇಡಿ. ನಾಲಗೆಯ ಕಡೆಯ ಒಳಭಾಗವನ್ನು ಮರೆಯಬೇಡಿ. ಹೆಚ್ಚಿನವರು ಬಿಡುವುದು ಅದನ್ನೇ. ಎಳೆಗಳು ಕೆದರಿದ ಕೂಡಲೇ, ಇಲ್ಲವೇ ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಒಬ್ಬರ ಬ್ರಷ್ ಇನ್ನೊಬ್ಬರು ಬಳಸುವುದು ಬೇಡ.

ಹೊಲಕ್ಕೆ ಹೋಗುವ ದಾರಿಯಲ್ಲಿ ಬೇವಿನ ಕಡ್ಡಿಯನ್ನೋ ಜಾಲಿಯ ಕಡ್ಡಿಯನ್ನೋ ಮುರಿದು ಹಲ್ಲುಜ್ಜುವ ಹಿರಿಯರನ್ನು ಬ್ರಷ್ ಹಿಡಿಯಿರೆಂದು ಒತ್ತಾಯಿಸಬೇಕಾಗಿಲ್ಲ. ತುದಿಯನ್ನು ಚೆನ್ನಾಗಿ ಅಗಿದು ಕುಂಚದಂತೆ ಮೃದುವಾಗಿಸಿ, ಒಳಭಾಗಕ್ಕೂ ಹಿಂದಿನ ದವಡೆಗೂ ಮುಟ್ಟಿಸಿ ಉಜ್ಜಿದರೆ ಪಾಚಿ ಹೋಗುತ್ತದೆ. ಹಲ್ಲುಗಳ ನಡುವಿನ ಸಂದಿಗೆ ಮಾತ್ರ ಕಡ್ಡಿಯೂ ಬ್ರಷ್ಷೂ ಸಾಲವು. ಅದಕ್ಕೆಂದೇ ಬರುವ ದಾರ ಅಥವಾ ಸಣ್ಣ ಬ್ರಷ್ ಬಳಸಬೇಕು. ಗುಂಡುಪಿನ್ನು, ಪೊರಕೆ ಕಡ್ಡಿಗಳಿಂದ ಚುಚ್ಚಬಾರದು.

ಏಳೆಂಟು ವರ್ಷದವರೆಗೆ ಮಕ್ಕಳಿಗೆ ತಾವೇ ಸರಿಯಾಗಿ ಉಜ್ಜಿಕೊಳ್ಳುವಷ್ಟು ಕೈ ಪಳಗಿರುವುದಿಲ್ಲ. ತಂದೆಯೋ ತಾಯಿಯೋ ಒಮ್ಮೆ ಬ್ರಷ್ ಆಡಿಸಬೇಕು. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಬೇಕು.

ಎಲ್ಲಿ ತೋರಿಸಬೇಕು?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದಾಗಿನಿಂದ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ಪರೀಕ್ಷಿಸಲು ವೈದ್ಯರ ತಂಡಗಳು ಬರುತ್ತವೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನದೂ ಇದೆ. ತಂಡ ಶಾಲೆಗೆ ಬಂದ ದಿನ 'ಹಲ್ಲುಜ್ಜುವಾಗ ರಕ್ತ ಬರುತ್ತದೆ' ಎಂದು ಹೇಳಲು ಮಕ್ಕಳಿಗೆ ಕಲಿಸಿರಿ. ಕೇಳದಿದ್ದರೆ ಮಕ್ಕಳು ಇದನ್ನು ತಾವಾಗಿ ಹೇಳುವುದಿಲ್ಲ. ಹಚ್ಚೊಳ್ಳಿ ಕಡೆಯವರು ಮೊದಲು ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಶಸ್ತ್ರಚಿಕಿತ್ಸೆಯಂಥ ದೊಡ್ಡ ಕೆಲಸಕ್ಕೆ ಬಳ್ಳಾರಿಯಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜೇ ಇದೆ. ದಂತವೈದ್ಯ ಕಾಲೇಜುಗಳಲ್ಲಿ ವಸಡಿನ ರೋಗಕ್ಕೆಂದೇ ಪ್ರತ್ಯೇಕ ವಿಭಾಗವಿರುತ್ತದೆ, ವೆಚ್ಚವೂ ಖಾಸಗಿಗಿಂತ ಕಡಿಮೆ. ಒಂದು ದಿನ ಹೋಗುವುದೇ ಆದರೆ ಮನೆಯವರೆಲ್ಲ ಒಟ್ಟಿಗೆ ಹೋಗಿ ತೋರಿಸಿಕೊಂಡು ಬಂದರೆ ಬಸ್ಸಿನ ಖರ್ಚಿಗೂ ಬೆಲೆ ಬಂದೀತು.

ಬಡ ಕುಟುಂಬಗಳ ಹಿರಿಯರಿಗೆ ಹಲ್ಲಿನ ಸೆಟ್ಟು ಉಚಿತವಾಗಿ ಕೊಡಲು ಕರ್ನಾಟಕ ಸರ್ಕಾರ 'ದಂತ ಭಾಗ್ಯ' ಯೋಜನೆಯನ್ನು ತಂದಿತು. ಹಲ್ಲು ಕಳೆದುಕೊಂಡವರಿಗೆ ಅದರಿಂದ ಉಪಕಾರವಾಗಿದೆ. ಆದರೆ ಸೆಟ್ಟಿನ ಹಲ್ಲಿಗೆ ಸ್ವಂತ ಹಲ್ಲಿನ ಬಲವಿಲ್ಲ. ಖಡಕ್ ರೊಟ್ಟಿ ಮುರಿಯಲು, ಹುರಿಗಡಲೆ ಕಡಿಯಲು ಬೇರಿರುವ ಹಲ್ಲೇ ಬೇಕು.

ವಿದ್ಯಾರ್ಥಿಗಳೇ, ಇಂದು ರಾತ್ರಿ ಹಲ್ಲುಜ್ಜಿದ ಮೇಲೆ ಉಗುಳನ್ನು ಒಮ್ಮೆ ನೋಡಿ. ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ವಸಡಿನ ಬಣ್ಣ ಗಮನಿಸಿ. ಕೆಂಪು ಕಂಡರೆ ಮನೆಯಲ್ಲಿ ಹೇಳಿ. ಹಾಗೆಯೇ ನಿಮ್ಮ ತಂದೆ ತಾಯಿಯನ್ನೂ ಕೇಳಿ. ನಲವತ್ತರ ಆಸುಪಾಸಿನ ಅವರ ವಸಡಿನಲ್ಲೂ ರಕ್ತವಿರಬಹುದು. ನೋವಿಲ್ಲವೆಂದು ಅವರು ಯಾರಿಗೂ ಹೇಳದೆ ಇರಬಹುದು.